ತೇಲುಮನೆಯ ನೀರಕ್ಕ

ಒಂದು ದಿನ ಅವಳು ತೊಟ್ಟಿಯ ಪಕ್ಕ ಮಂಡಿಯೂರಿ ಕುಳಿತು, ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಬಲಗೈಯ ಮೊಣಕೈಯನ್ನು ನೀರಿಗೆ ಅದ್ದಿಕೊಂಡಿದ್ದಳು. ಪಕ್ಕದ ಗೋಡೆಯಲ್ಲಿ ನೀರಿನ ಬಿಸಿಯನ್ನು ತೋರಿಸುವ ಯಂತ್ರವಿತ್ತು. ಅದರ ಕೆಂಪು ಅಂಕಿ ಸರಿಯಾಗಿಯೇ ಇತ್ತು. ಆದರೂ ಎಳೆಗೂಸಿನ ಸ್ನಾನಕ್ಕೆ ನೀರಿನ ಹದ ನೋಡುವ ಅಜ್ಜಿಯ ಹಾಗೆ ಕಣ್ಣು ಮುಚ್ಚಿ ಕುಳಿತಿದ್ದಳು. ಚೊಚ್ಚಲ ಬಸುರಿಯಾದ ಮಗಳನ್ನು ಕರೆತಂದಿದ್ದ ತಂದೆಯೊಬ್ಬರು ಬಾಗಿಲಲ್ಲೇ ನಿಂತು, ಯಂತ್ರವಿರುವಾಗ ಮೊಣಕೈಯ ಕೆಲಸವೇನು ಎಂದು ಕೇಳಿದರು.

"ಯಂತ್ರ ಬಸುರಿ ಆಗೋದಿಲ್ವಲ್ಲ ಸಾರ್," ಎಂದಳು, ಕಣ್ಣು ತೆರೆಯದೆಯೇ.

ಅವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ಹೊರಗಿನ ಬೋರ್ಡಿನಲ್ಲಿ ಫ್ಲೋಟೇಶನ್ ಥೆರಪಿ ಎಂದು ಬರೆದಿತ್ತು. ಬೀದಿಯವರ ಬಾಯಲ್ಲಿ ಅದು ತೇಲುಮನೆ. ಔಷಧಿ ಅಂಗಡಿಯ ಹಿಂಬದಿಯ ಆ ಎರಡು ಕೋಣೆಗಳಲ್ಲಿ ಮೊದಲು ಫೋಟೋ ಸ್ಟುಡಿಯೋ ಇತ್ತು. ಫಿಲ್ಮು ತೊಳೆಯುವ ಕತ್ತಲೆಕೋಣೆಗೆ ಯಾರೂ ಕಿಟಕಿ ಇಡುವುದಿಲ್ಲ. ಅದೇ ಅನುಕೂಲವೆಂದು ಯಜಮಾನಿ ಆ ಜಾಗವನ್ನು ಹಿಡಿದಿದ್ದರು. ಆಕೆ ಹಿಂದೆ ಈಜು ಕಲಿಸುತ್ತಿದ್ದವರು. ಮಂಡಿ ಸವೆದ ಮೇಲೆ ಅದನ್ನು ಬಿಟ್ಟು, ಇಲ್ಲಿ ಜೋಡಿ ಮಂಚದಷ್ಟು ಅಗಲದ ಎರಡು ತೊಟ್ಟಿಗಳನ್ನು ಇರಿಸಿದ್ದರು. ನೀರು ಮೊಳಕಾಲಿನವರೆಗೂ ಬಾರದು. ಆದರೆ ಅದರಲ್ಲಿ ಮೂಟೆಗಟ್ಟಲೆ ಎಪ್ಸಮ್ ಎಂಬ ಕಹಿಯುಪ್ಪು ಕರಗಿರುತ್ತದೆ. ಮುಳುಗುತ್ತೇನೆಂದು ಹಟ ಹಿಡಿದರೂ ನೀರು ಬಿಡುವುದಿಲ್ಲ, ಎತ್ತಿ ಹಿಡಿಯುತ್ತದೆ.

ನಾಲ್ಕು ತಿಂಗಳು ದಾಟಿ, ವೈದ್ಯರ ಒಪ್ಪಿಗೆ ಪಡೆದ ಬಸುರಿಯರು ಅಲ್ಲಿಗೆ ಬರುತ್ತಿದ್ದರು. ರಾತ್ರಿಯಿಡೀ ಮಗ್ಗುಲು ಬದಲಿಸಿ ಸೋತವರು, ಸೊಂಟ ಸಿಡಿಯುವವರು, ಪಾದ ಬಾತು ಚಪ್ಪಲಿ ಹಿಡಿಯದವರು. ನೀರಕ್ಕ ಅವರ ಕಂಕುಳಿಗೆ ಕೈಕೊಟ್ಟು ಮೆಲ್ಲನೆ ನೀರಿಗೆ ಇಳಿಸುವಳು. ಕುತ್ತಿಗೆಯ ಕೆಳಗೆ ಗಾಳಿ ತುಂಬಿದ ಮೆತ್ತನೆಯ ಬಳೆಯನ್ನಿಟ್ಟು, ದೀಪವನ್ನು ತಗ್ಗಿಸಿ, ಬಾಗಿಲಿಗೆ ಚಿಲಕ ಹಾಕದೆ ಹೊರಗೆ ಸ್ಟೂಲಿನ ಮೇಲೆ ಕೂರುವಳು. ನೀರಿಗೂ ಮೈಗೂ ಒಂದೇ ಬಿಸಿ. ಸ್ವಲ್ಪ ಹೊತ್ತು ಕಳೆದರೆ ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಮಲಗಿದವಳಿಗೇ ತಿಳಿಯದು.

ಇದಕ್ಕೆ ಮುಂಚೆ ಅವಳು ಒಂದು ಹೋಟೆಲಿನ ಲಾಂಡ್ರಿಯಲ್ಲಿ ದುಪ್ಪಟಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಸಾಕಿ, ಗಂಡನ ಮನೆಗೆ ಕಳುಹಿಸಿದ್ದಳು. ಮೂರನೆಯ ಬಸುರಿನಲ್ಲಿ ರಕ್ತ ನಿಲ್ಲದೆ, ಕೂಸೂ ಉಳಿಯದೆ, ಅವಳ ಪ್ರಾಣ ಉಳಿಸುವುದಕ್ಕೆಂದು ಗರ್ಭಕೋಶವನ್ನೇ ತೆಗೆದಿದ್ದರು. ಆ ಮಾತನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ.

ತೇಲುಮನೆ ಶುರುವಾದ ವರ್ಷವೇ ಒಬ್ಬಳು ಹುಡುಗಿ ತೊಟ್ಟಿಯಿಂದ ಎದ್ದು ಬಂದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಿವಿ ನೀರಿನಲ್ಲಿ ಮುಳುಗಿದ್ದಾಗ ಕೂಸಿನ ಎದೆ ಬಡಿಯುವುದು ಕೇಳಿಸಿತಂತೆ. ನೀರಕ್ಕ ಅವಳ ಬೆನ್ನು ಸವರಿ ತಾನೂ ಕಣ್ಣೊರೆಸಿಕೊಂಡಳು. ಮರುದಿನ ಇನ್ನೊಬ್ಬಳು ಅದನ್ನೇ ಹೇಳಿದಳು, ಆಮೇಲೆ ಮತ್ತೊಬ್ಬಳು. ಅಲ್ಲಿಗೆ ಅದೊಂದು ಪದ್ಧತಿಯೇ ಆಯಿತು. ಪ್ರತಿಯೊಬ್ಬಳನ್ನೂ ಮಲಗಿಸುವಾಗ ನೀರಕ್ಕ ಹಣೆಯ ಮೇಲಿನ ಕೂದಲು ಸರಿಸಿ ಹೇಳುವಳು: "ಕಿವಿ ನೀರಿಗೆ ಬಿಡು ತಾಯಿ. ಸ್ವಲ್ಪ ಹೊತ್ತಿಗೆ ನಿನ್ನ ಕೂಸು ಮಾತಾಡ್ತದೆ." ಕೂಸು ಮಾತಾಡದ ದಿನವೇ ಇರಲಿಲ್ಲ. ಯಜಮಾನಿ ಈ ಗೊಡವೆಗೆ ಹೋಗಲಿಲ್ಲ. ಬಂದವರು ಮತ್ತೆ ಬರುತ್ತಿದ್ದರು.

ಹಾಗೆ ಮತ್ತೆ ಮತ್ತೆ ಬರುತ್ತಿದ್ದವರಲ್ಲಿ ಒಬ್ಬಳು ಕಂಡಕ್ಟರಮ್ಮ. ಬಸ್ಸಿನಲ್ಲಿ ದಿನವಿಡೀ ನಿಂತೇ ಇರುವ ಕೆಲಸ, ಬಾಯಿ ಮಾತ್ರ ಕೂತವರಿಗಿಂತ ಚುರುಕು. ಹಿಂದೆ ಎರಡು ಸಲ ಬಸುರು ನಿಂತಿರಲಿಲ್ಲ, ಇದು ಮೂರನೆಯದು. ತುಟಿಯಲ್ಲಿ ನಗೆ, ಕಣ್ಣಿನಲ್ಲಿ ಸದಾ ಒಂದು ಎಣಿಕೆ. ನೀರಿಗೆ ಇಳಿಯುವಾಗ ಹೊಟ್ಟೆಯ ಮೇಲೆ ಕೈಯಿಟ್ಟು ದೂರು ಹೇಳುವಳು.

"ನೋಡಿ ಅಕ್ಕಾ, ಇವನೊಬ್ಬ ಟಿಕೆಟ್ಟೇ ತಗೊಳ್ದೆ ತಿಂಗಳುಗಟ್ಲೆಯಿಂದ ಕೂತಿದಾನೆ. ಕೇಳಿದ್ರೆ ಒದೀತಾನೆ."

"ಪಾಸ್ ಇರ್ಬೇಕು ಬಿಡು," ಎನ್ನುವಳು ನೀರಕ್ಕ.

ಎದ್ದು ಬಂದಾಗಲೆಲ್ಲ ಕಂಡಕ್ಟರಮ್ಮನ ಮುಖದ ಗಂಟು ಬಿಚ್ಚಿರುತ್ತಿತ್ತು. ಮಿಕ್ಕ ದಿನಗಳನ್ನು ಒಂದರ ಮೇಲೊಂದು ಹೊತ್ತು ಕಳೆಯುತ್ತೇನೆ, ಆ ಸದ್ದು ಕೇಳಿದ ದಿನ ಮಾತ್ರ ಭಾರ ಇಳಿಯುತ್ತದೆ ಎಂದು ಒಮ್ಮೆ ಹೇಳಿದ್ದಳು.

ಅವಳಿಗೆ ಆರನೆಯ ತಿಂಗಳು ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ನೀರಕ್ಕ ಉಪ್ಪಿನ ಮೂಟೆಯನ್ನು ಸರಿಸಲು ಹೋಗಿ ಬೆನ್ನು ಹಿಡಿಸಿಕೊಂಡಳು. ನೆಟ್ಟಗೆ ನಿಲ್ಲಲಾರದೆ ಗೋಡೆ ಹಿಡಿದವಳನ್ನು ಯಜಮಾನಿ ಗದರಿಸಿ, ತೊಟ್ಟಿ ಖಾಲಿಯಿದೆ, ಹೋಗಿ ಮಲಗು ಎಂದರು. ಅಷ್ಟು ವರ್ಷಗಳಲ್ಲಿ ಅವಳು ಆ ನೀರಿನಲ್ಲಿ ಒಂದು ದಿನವೂ ಮಲಗಿದವಳಲ್ಲ. ಬಡಿಸುವವಳಿಗೆ ಎಲೆಯ ಮುಂದೆ ಕೂರುವ ನೆನಪೇ ಇರುವುದಿಲ್ಲ.

ಮಲಗಿದಳು. ಬೆನ್ನಿನ ಬಿಗಿ ಎಳೆ ಎಳೆಯಾಗಿ ಸಡಿಲಿತು. ಕಿವಿ ಮುಳುಗಿದೊಡನೆ ಬೀದಿಯ ಗದ್ದಲ ಅಳಿಸಿಹೋಯಿತು. ಆಮೇಲೆ ದೂರದಿಂದ, ಹತ್ತಿರದಿಂದ, ದುಬ್ ದುಬ್ ಎಂದು ಒಂದು ಸದ್ದು. ಕೂಸು ಮಾತಾಡಿತು ಎಂದು ಅಭ್ಯಾಸಬಲದಿಂದ ನಕ್ಕಳು. ನಗು ತುಟಿಯಲ್ಲಿರುವಾಗಲೇ ಅವಳ ಕೈ ಹೊಟ್ಟೆಯ ಹಳೆಯ ಹೊಲಿಗೆಯ ಗೆರೆಯನ್ನು ಮುಟ್ಟಿತು. ಎದೆ ಧಸಕ್ಕೆಂದಿತು. ಅದರ ಜೊತೆಗೇ ನೀರಿನೊಳಗಿನ ಸದ್ದೂ ಓಡತೊಡಗಿತು.

ಆ ಸಂಜೆ ಅವಳು ಗಂಡನಿಗೆ ವಿಷಯ ತಿಳಿಸಿದಳು. ಅವನು ಗಲ್ಲಿಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನು, ಕೆಟ್ಟ ಮನಸ್ಸಿನವನಲ್ಲ. ಅರದಿಂದ ಕೀಲಿ ತೀಡುತ್ತಲೇ ಕೇಳಿಸಿಕೊಂಡ.

"ಯಾರ ಎದೆಯಾದ್ರೇನೇ? ಮಲಗಿದವಳಿಗೆ ನೆಮ್ಮದಿ ಸಿಕ್ತಲ್ಲ. ಬೀಗ ತೆಗೆದ್ರೆ ಸಾಕು, ಕೀಲಿ ಅಸಲೋ ನಕಲೋ ಅಂತ ಬಾಗಿಲು ಕೇಳ್ತದಾ?"

ಮರುದಿನದಿಂದ ನೀರಕ್ಕ ಕೂಸಿನ ಮಾತನ್ನು ತಾನಾಗಿ ಎತ್ತುವುದನ್ನು ಬಿಟ್ಟಳು. ಆದರೆ ಅಷ್ಟು ಹೊತ್ತಿಗೆ ಆ ಸುದ್ದಿಗೆ ಅವಳ ಬಾಯಿ ಬೇಕಿರಲಿಲ್ಲ; ಬಸುರಿಯಿಂದ ಬಸುರಿಗೆ ತಾನೇ ನಡೆದು ಬರುತ್ತಿತ್ತು. ಹೊಳೆಯುವ ಮುಖ ಹೊತ್ತು ಎದ್ದು ಬಂದು ಕೇಳಿಸಿತು ಎಂದವಳಿಗೆ ಅಲ್ಲ ಎನ್ನುವುದು ಹೇಗೆ? ಉಗುಳಲಾರದ, ನುಂಗಲಾರದ ಬಿಸಿತುಪ್ಪ. ನೀರಕ್ಕ ತಲೆಯಾಡಿಸುವಳು, ಟವೆಲ್ ಚಾಚುವಳು. ಕಂಡಕ್ಟರಮ್ಮನಿಗೂ ಹಾಗೆಯೇ ತಲೆಯಾಡಿಸಿದಳು.

ಎಂಟನೆಯ ತಿಂಗಳಿನಲ್ಲಿ ಒಂದು ದಿನ, ತನ್ನ ಸರದಿಯಲ್ಲದ ವೇಳೆಯಲ್ಲಿ, ಕಂಡಕ್ಟರಮ್ಮ ಸಮವಸ್ತ್ರದಲ್ಲೇ ಬಂದಳು. ಹೆಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಯಂತ್ರ.

"ಅಕ್ಕಾ, ತೊಟ್ಟಿ ಖಾಲಿ ಇದೆಯಾ? ಸ್ವಲ್ಪ ಹೊತ್ತು ಸಾಕು. ಬಸ್ಸು ನಿಲ್ದಾಣದಲ್ಲಿದೆ."

ಟಿಕೆಟ್ ಕೊಳ್ಳದವನ ಸುದ್ದಿಯೇ ಇಲ್ಲ. ನೀರಕ್ಕನಿಗೆ ಮೊದಲು ತಟ್ಟಿದ್ದು ಅದೇ. ಏನಾಯಿತೆಂದು ಕೇಳಿದಳು.

"ನಿನ್ನೆ ಸಂಜೆಯಿಂದ ಒದ್ದಿಲ್ಲ. ತಣ್ಣೀರು ಕುಡಿದೆ, ಎಡಕ್ಕೆ ಮಲಗಿ ನೋಡಿದೆ. ಒಂದ್ಸಲ ಕಿವಿಗೆ ಬಿದ್ರೆ ಸಾಕು, ಡ್ಯೂಟಿಗೆ ಹೋಗಿಬಿಡ್ತೀನಿ."

"ಆಸ್ಪತ್ರೆಗೆ ಹೋಗ್ಬಾರದಾ ಮಗಾ?"

"ಆ ಮಂಚ ಎರಡು ಸಲ ಹತ್ತಿ ಬರಿಗೈಲಿ ಇಳಿದಿದೀನಿ. ಅದನ್ನ ನೆನೆಸ್ಕೊಂಡ್ರೆ ಕೈಕಾಲು ಆಡಲ್ಲ ಅಕ್ಕಾ. ಇಲ್ಲೇ ಕೇಳಿಸಿದ್ರೆ ಅಲ್ಲಿಗ್ಯಾಕೆ?"

ಕೇಳಿಸುತ್ತದೆ ಎನ್ನುವುದೇ ನೀರಕ್ಕನ ಭಯವಾಗಿತ್ತು. ಒಳಗಿನ ಜೀವ ಇದ್ದರೂ ಕೇಳಿಸುತ್ತದೆ, ಇಲ್ಲದಿದ್ದರೂ ಕೇಳಿಸುತ್ತದೆ. ಇವಳು ಮಲಗುತ್ತಾಳೆ, ನಗುತ್ತಾ ಏಳುತ್ತಾಳೆ, ಬಸ್ಸು ಹತ್ತಿ ಸಂಜೆಯವರೆಗೆ ಟಿಕೆಟ್ ಹರಿಯುತ್ತಾಳೆ. ನೀರಕ್ಕ ಒಂದು ಕುಂಟು ನೆಪ ಹೂಡಿದಳು, ನೀರು ಇನ್ನೂ ಕಾದಿಲ್ಲವೆಂದಳು. ಕಂಡಕ್ಟರಮ್ಮ ಗೋಡೆಯ ಯಂತ್ರವನ್ನು ನೋಡಿದಳು, ಬೆರಳು ಅದ್ದಿ ನೋಡಿದಳು, ಆಗಲೇ ಬೂಟಿನ ದಾರ ಬಿಚ್ಚಲು ಬಗ್ಗಿದಳು. ಹೊಟ್ಟೆ ಅಡ್ಡ ಬಂದು ಬಗ್ಗಲಾಗಲಿಲ್ಲ.

ನೀರಕ್ಕ ಅವಳ ಕಾಲ ಬಳಿ ನೆಲದ ಮೇಲೆ ಕುಳಿತು, ದಾರದ ಮೇಲೆ ಕೈಯಿಟ್ಟಳು, ಬಿಚ್ಚಲಿಲ್ಲ.

"ಮಲಗಿದ್ರೆ ಕೇಳಿಸ್ತದೆ ತಾಯಿ. ಆದ್ರೆ ಅದು ಕೂಸಿಂದಲ್ಲ. ನಿಂದೇ ಎದೆ."

"ನೀವೇ ಹೇಳಿದ್ರಲ್ಲ?"

"ಆಗ ನಂಗೂ ಗೊತ್ತಿರ್ಲಿಲ್ಲ. ಬೆನ್ನು ಹಿಡಿದ ದಿನ ನಾನೂ ಇದ್ರಲ್ಲಿ ಮಲಗಿದ್ದೆ. ನನ್ನ ಹೊಟ್ಟೇಲಿ ಗರ್ಭಕೋಶಾನೇ ಇಲ್ಲ. ನಂಗೂ ಕೇಳಿಸ್ತು."

ಕಂಡಕ್ಟರಮ್ಮ ಮನಸ್ಸಿನಲ್ಲೇ ದಿನಗಳನ್ನು ಎಣಿಸಿದಳು. ಚಿಲ್ಲರೆ ಎಣಿಸಿ ಪಳಗಿದ ಮನಸ್ಸು ಅದು.

"ಅದಾದ್ಮೇಲೂ ನಾನು ಬಂದಿದೀನಿ. ಕೇಳಿಸ್ತು ಅಂದಾಗ ನೀವು ತಲೆಯಾಡಿಸಿದ್ರಿ."

"ಆಡಿಸಿದೆ."

ಕಂಡಕ್ಟರಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡು ಬಾಗಿಲಿನತ್ತ ನಡೆದಳು. ಯಜಮಾನಿ ಬೀದಿಗಿಳಿದು ಆಟೋ ಕೂಗಿದರು. ದಾರಿಯುದ್ದಕ್ಕೂ ಕಂಡಕ್ಟರಮ್ಮ ಆಟೋದ ಕಬ್ಬಿಣದ ಸರಳನ್ನು ಹಿಡಿದಿದ್ದಳು, ಪಕ್ಕದಲ್ಲಿದ್ದ ನೀರಕ್ಕ ಚಾಚಿದ ಕೈಯನ್ನು ಹಿಡಿಯಲಿಲ್ಲ. ಆಸ್ಪತ್ರೆಯ ಬಾಗಿಲಿನಲ್ಲಿ ಚೀಲ ಮತ್ತು ಯಂತ್ರವನ್ನು ನೀರಕ್ಕನಿಗೆ ಒಪ್ಪಿಸಿ, ಡಿಪೋಗೆ ಮುಟ್ಟಿಸಿ ಎಂದಷ್ಟೇ ಹೇಳಿ, ತಾನು ಅಂಜುತ್ತಿದ್ದ ಮಂಚವನ್ನು ತಾನೇ ಹತ್ತಿದಳು.

ನರ್ಸು ಹೊಟ್ಟೆಯ ಮೇಲೆ ಕೂಸಿನ ಎದೆಬಡಿತ ಕೇಳಿಸುವ ಯಂತ್ರವಿಟ್ಟು ಅತ್ತ ಇತ್ತ ಜರುಗಿಸಿದಳು. ಬಹಳ ಹೊತ್ತು ಬರೀ ಗರಗರ ಸದ್ದು. ಕೊನೆಗೆ ಸಿಕ್ಕಿತು. ನೀರಕ್ಕ ಬಾಗಿಲಾಚೆಯಿಂದ ಅದನ್ನು ಕೇಳಿಸಿಕೊಂಡಳು. ಅದು ತೊಟ್ಟಿಯ ಸದ್ದಿನ ಹಾಗೆ ಇರಲೇ ಇಲ್ಲ. ಬಲು ಅವಸರದ್ದು, ತೆಳ್ಳನೆಯದು, ನಡುನಡುವೆ ತಡವರಿಸಿ ನಿಂತು ಮತ್ತೆ ಓಡುವಂಥದ್ದು. ಎಷ್ಟೋ ಬಸುರಿಯರನ್ನು ನೀರಿಗೆ ಇಳಿಸಿದ್ದ ಅವಳು ಹುಟ್ಟದ ಕೂಸಿನ ಎದೆಬಡಿತವನ್ನು ಮೊದಲು ಕೇಳಿದ್ದು ಆಗಲೇ. ವೈದ್ಯರು ಕಾಯುವಂತಿಲ್ಲ ಎಂದರು. ಕತ್ತಲಾಗುವುದರೊಳಗೆ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು, ಅಂಗೈಯಗಲದ ಬೆನ್ನು. ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು ಉಳಿಯಿತು.

ಕೂಸು ಪೆಟ್ಟಿಗೆಯಿಂದ ಹೊರಬಂದ ಮೇಲೆ ನೀರಕ್ಕ ನೋಡಲು ಹೋದಳು. ಕಂಡಕ್ಟರಮ್ಮ ಕೂಸನ್ನು ಅವಳ ಮಡಿಲಿಗೆ ಹಾಕಿದಳು. ಕಾಫಿ ಬೇಕೇ ಎಂದು ಕೇಳಿದಳು. ಹೊರಡುವಾಗ ಬಾಗಿಲಿನವರೆಗೆ ಬಂದು, ತಗ್ಗಿದ ದನಿಯಲ್ಲಿ ಹೇಳಿದಳು.

"ಇದು ಉಳೀತು. ಅದಕ್ಕೆ ನಿಮಗೆ ಕೈ ಮುಗೀತೀನಿ. ಆದ್ರೆ ನೀವು ತಲೆಯಾಡಿಸಿದ್ದು ಮರೆಯೋಕಾಗ್ತಿಲ್ಲ ಅಕ್ಕಾ."

"ಮರೀಬೇಡ," ಎಂದಳು ನೀರಕ್ಕ.

ಗಂಡನಿಗೆ ಈ ಮಾತನ್ನು ಹೇಳಿದಾಗ ಅವನು ಈ ಸಲ ಬೀಗದ ಉಪಮೆ ತೆಗೆಯಲಿಲ್ಲ. ನಿನ್ನಿಂದಲೇ ಅಲ್ಲವೇ ಉಳಿದದ್ದು ಎಂದು ಸಮಾಧಾನ ಮಾಡಲು ನೋಡಿದ. ಆದರೆ ಅವಳನ್ನು ಕೊರೆಯುತ್ತಿದ್ದುದು ಬೇರೆ. ಹಿಂದೊಮ್ಮೆ ಬಡಕಲು ಮೈಯ ಹೆಂಗಸೊಬ್ಬಳು, ಮನಸ್ಸಿಗೆ ಯಾಕೋ ಸರಿಯಿಲ್ಲವೆಂದು ಬಂದವಳು, ತೊಟ್ಟಿಯಿಂದ ಎದ್ದು ಎಲ್ಲ ಚೆನ್ನಾಗಿದೆ ಎಂದು ನಕ್ಕು ಹೋಗಿದ್ದಳು. ಮತ್ತೆ ಬರಲಿಲ್ಲ. ಮನೆ ಬದಲಿಸಿರಬಹುದು, ತವರಿಗೆ ಹೋಗಿರಬಹುದು, ಹೆತ್ತು ಸುಖವಾಗಿರಲೂಬಹುದು. ಅವಳ ಮನೆ ಎಲ್ಲಿಯೆಂದು ಕೂಡ ನೀರಕ್ಕನಿಗೆ ತಿಳಿಯದು. ತಿಳಿಯುವ ದಾರಿಯೂ ಉಳಿದಿಲ್ಲ.

ಯಜಮಾನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಆಕೆ ತಲೆಯ ಮೇಲೆ ಕೈಹೊತ್ತು ಕುಳಿತರು. ಕೊನೆಗೆ, ನಾನೂ ಕೇಳಬೇಕಿತ್ತು, ಕೇಳಲಿಲ್ಲ ಎಂದರು. ಪದ್ಧತಿ ಬದಲಾಯಿತು. ಕೆಲವರು ಬರುವುದನ್ನು ಬಿಟ್ಟರು. ಎರಡು ತೊಟ್ಟಿಗಳಲ್ಲಿ ಒಂದು ಈಗ ಹೆಚ್ಚಿನ ದಿನ ಮುಚ್ಚಿಯೇ ಇರುತ್ತದೆ.

ನೀರಕ್ಕ ಇವತ್ತಿಗೂ ಅಲ್ಲೇ ಇದ್ದಾಳೆ. ಬೆನ್ನು ಮೊದಲಿನಂತಿಲ್ಲ, ಉಪ್ಪನ್ನು ಮೂಟೆಯಿಂದ ಸಣ್ಣ ಬಕೆಟ್ಟಿಗೆ ತೋಡಿ ತೋಡಿ ತರುತ್ತಾಳೆ. ಹೊಸಬರು ಬಂದರೆ ಮೊದಲು ಸ್ಟೂಲಿನ ಮೇಲೆ ಕೂರಿಸಿ, ತಾನು ಎದುರಿಗೆ ನಿಂತು ಹೇಳುತ್ತಾಳೆ: "ನೀರಲ್ಲಿ ಒಂದು ಸದ್ದು ಕೇಳಿಸ್ತದೆ. ಅದು ನಿನ್ನ ಎದೆ, ಕೂಸಿಂದಲ್ಲ. ಇಲ್ಲಿ ಮೈಗೆ ಆರಾಮ ಸಿಗ್ತದೆ, ಅಷ್ಟೇ. ಕೂಸು ಆಡೋದು ಕಡಿಮೆ ಆಯ್ತು ಅನ್ನಿಸಿದ ದಿನ ಈ ಬೀದಿಗೆ ಬರ್ಬೇಡ, ನೆಟ್ಟಗೆ ಆಸ್ಪತ್ರೆಗೆ ಹೋಗು." ಅಕ್ಕಪಕ್ಕದವರ ಮಾತು ಕೇಳಿ ಆಸೆಯಿಂದ ಬಂದವಳ ಮುಖ ಅಲ್ಲೇ ಬಾಡುತ್ತದೆ. ನೀರಕ್ಕ ಅವಸರ ಮಾಡುವುದಿಲ್ಲ. ಆ ಮುಖವನ್ನು ನೋಡುತ್ತಾ ನಿಂತು, ಮಾತು ಒಳಗೆ ಇಳಿಯಿತೆಂದು ಖಾತ್ರಿಯಾದ ಮೇಲೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕೈ ಚಾಚುತ್ತಾಳೆ.