ಬಾಯಲ್ಲಿ ಬರ್ಫವಿದ್ದ ಮೀನು

ಗಂಡ ದತ್ತಾತ್ರಿ ತೀರಿಕೊಂಡ ಮೇಲೆ ಗಿರಿಜಾಬಾಯಿ ಅವನ ಗಾಳದ ಕೋಲನ್ನು ಅಂಗಳದಲ್ಲಿ ಅಡ್ಡ ಕಟ್ಟಿ ಸೀರೆ ಒಣಹಾಕುತ್ತಿದ್ದಳು. ಅದನ್ನು ಕಂಡು ಅವನ ಗೆಳೆಯ ಸಂಘಪಾಲ ಎದೆ ಹಿಡಿದುಕೊಂಡ.

"ಅಯ್ಯೋ ವೈನಿ, ಇದು ಎಂಥಾ ಕೋಲಂತ ಗೊತ್ತದ ಏನ್ರಿ? ಆಗ ರವಿವಾರ ಬಂತಂದ್ರ ಹುಮನಾಬಾದಿನಿಂದ ಮಂದಿ ಶೋಕಿಗಂತ ಗಾಳ ಹಾಕಾಕ ನಮ್ಮ ಕೆರಿಗೆ ಬರತಿದ್ರು. ಅವರ ಮುಂದ ದತ್ತಾತ್ರಿ ಅಣ್ಣ ಇದರಾಗೇ ಇಷ್ಟು ದೊಡ್ಡ ಮೀನ ಹಿಡದಿದ್ದ! ಇದನ್ನ ನನಗ ಕೊಡ್ರಿ."

ಅವನು ಎರಡೂ ಕೈ ಅಗಲಿಸಿದ. ಹೋದ ವರ್ಷ ಅದೇ ಮೀನು ಮೊಳದಷ್ಟಿತ್ತು, ಈಗ ಕರುವಿನಷ್ಟಾಗಿತ್ತು. ಆಗೆಲ್ಲ ರವಿವಾರಕ್ಕೊಮ್ಮೆ ಮಸಾಲೆ ಅರೆದು ಕಾದು ಕೂರುತ್ತಿದ್ದ ಗಿರಿಜಾಬಾಯಿಗೆ ತಲೆ ಚಿಟ್ಟು ಹಿಡಿಯಿತು.

"ಸಾಕ್ ಮಾಡೋ. ವರ್ಷಾ ವರ್ಷಾ ಮೀನ ಬೆಳಸಾಕತ್ತೀಯೇನು? ಅದನ್ನ ಕೊಯ್ದಾಕಿ ನಾನು. ಅದರ ಬಾಯಾಗ ಬರ್ಫ ಇತ್ತು, ಐಸಿನ ಚೂರು. ಕೆರಿಯಾಗ ಬರ್ಫ ಎಲ್ಲಿಂದ ಬಂತು? ಖರೇ ಹೇಳು, ಕೋಲು ಒಯ್ಯಿ."

ಸಂಘಪಾಲ ತಲೆ ಕೆರೆದುಕೊಂಡ. "ಮೀನ ಬಿದ್ದಿದ್ದು ಖರೇರಿ. ದಂಡಿಗೆ ಬಂದಾಗ ದಾರ ಹರೀತು. 'ಅಕಿ ಮಸಾಲಿ ಅರದು ಕುಂತಿರ್ತಾಳ, ಬರಿಗೈಲೆ ಹ್ಯಾಂಗ ಹೋಗಲಿ' ಅಂತ ಅಣ್ಣ ಕಲ್ಯಾಣದ ಬಾಜಾರಕ್ಕ ಓಡಿದ."

"ಇಷ್ಟು ಹೇಳಾಕ ಇಷ್ಟು ವರ್ಷ ಬೇಕಾತೇನು?" ಎಂದು ಗಿರಿಜಾಬಾಯಿ ಸಿಡುಕಿ, ಒದ್ದೆ ಸೀರೆಯನ್ನು ಹೆಗಲಿಗೆ ಎಳೆದುಕೊಂಡು ಕೋಲು ಬಿಚ್ಚಿ ಕೊಟ್ಟಳು.

"ಒಯ್ಯಿ. ಆದ್ರ ಇನ್ನ ಮ್ಯಾಲ ಆ ಮೀನ ಮೊಳದಷ್ಟೇ ಇರಬೇಕು. ಒಂದು ಬಟ್ಟು ಬೆಳದ್ರೂ ಕೋಲು ವಾಪಸ್ ತಂದು ಕಟ್ಟು, ನನ್ನ ಸೀರಿ ಒಣಗಬೇಕು."