ಮೆಟ್ಟಿಲು ಹತ್ತಿಸಿದವಳು

ಸಿಟ್ಟು ಬಂದರೆ ಶಶಿಕಲಾ ಕೂಗಾಡುವುದಿಲ್ಲ, ಬಾಯಿ ಮುಚ್ಚಿಬಿಡುತ್ತಾಳೆ. ಬ್ಯಾಡರಹಳ್ಳಿಯ ಅವಳ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ನಲ್ಲಿಯ ಹತ್ತಿರ ಅವಳು ಮಾತಿಲ್ಲದೆ ನಿಂತಿದ್ದಾಳೆಂದರೆ ಯಾರಿಗೋ ಕಾದಿದೆ ಎಂದೇ ಅರ್ಥ. ಗಂಡ ಒಮ್ಮೆ ಕುಡಿದು ಬಂದು ಕೈ ಎತ್ತಿದಾಗಲೂ ಅವಳು ತುಟಿ ಬಿಚ್ಚಲಿಲ್ಲ. ಮಾರನೇ ದಿನ ಅವನು ಕಣ್ಣು ಬಿಡುವಷ್ಟರಲ್ಲಿ ಅವನ ಬಟ್ಟೆಬರೆಯೆಲ್ಲ ಅವನ ತಾಯಿಯ ಮನೆಯ ಜಗಲಿ ಸೇರಿತ್ತು. ಆಮೇಲೆ ಅವನು ಬರಲಿಲ್ಲ, ಇವಳು ಕರೆಯಲಿಲ್ಲ.

ಅವಳಿಗೆ ಅಂತ ಇದ್ದವಳು ಅಕ್ಕ ರಾಮಕ್ಕ ಒಬ್ಬಳೇ. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ರಾಮಕ್ಕ. ಗಂಡನನ್ನು ಕಳೆದುಕೊಂಡ ಮೇಲೆ ತಂಗಿಯ ಜೊತೆಗೇ ಬಂದು ಉಳಿದಳು. ಎರಡು ಅಂತಸ್ತಿನ ಕಟ್ಟಡದ ತಲೆಯ ಮೇಲೆ ಓನರು ಹಾಕಿಸಿದ್ದ ಶೀಟಿನ ಮನೆ ಅವರದು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕೆಳಗೆ ಕಾಯಬೇಕು, ಅಷ್ಟು ಇಕ್ಕಟ್ಟು. ಬೆಳಿಗ್ಗೆ ಅಕ್ಕತಂಗಿಯರಿಬ್ಬರೂ ಮಾಗಡಿ ರಸ್ತೆಯಲ್ಲಿ ಬಸ್ಸು ಹಿಡಿದು ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿಗೆ ಮನೆಕೆಲಸಕ್ಕೆ ಹೋಗುತ್ತಿದ್ದರು.

ಐದು ಮಹಡಿಯ ಆ ಕಟ್ಟಡದಲ್ಲಿ ಲಿಫ್ಟಿನ ಪಕ್ಕದಲ್ಲೇ ಒಂದು ಬೋರ್ಡು: ‘ಮನೆಕೆಲಸದವರು ಮತ್ತು ಡೆಲಿವರಿಯವರು ಮೆಟ್ಟಿಲು ಬಳಸತಕ್ಕದ್ದು.’ ಹಾಕಿಸಿದವರು ಅಸೋಸಿಯೇಷನ್ ಪ್ರೆಸಿಡೆಂಟ್ ವೆಂಕಟಗಿರಿ. ಕೆಲಸದವರ ಕೈ ಸದಾ ಒದ್ದೆ, ಬಟನ್ನು ಕೆಟ್ಟುಹೋಗುತ್ತದೆ ಎನ್ನುವುದು ಅವರು ಕೊಟ್ಟ ಕಾರಣ. ಲಿಫ್ಟಿನ ಎದುರುಗೋಡೆಯಲ್ಲಿ ಅವರೇ ತೂಗುಹಾಕಿಸಿದ್ದ ದೊಡ್ಡ ಫೋಟೋ ಒಂದಿತ್ತು. ಆಫ್ರಿಕಾದ ಮಕ್ಕಳು ಸಾಲಾಗಿ ಕೂತು ಊಟ ಮಾಡುವ ಚಿತ್ರ. ಕೆಳಗೆ ‘ಜಗತ್ತಿನ ಯಾವ ಮಗುವೂ ಹಸಿದು ಮಲಗಬಾರದು’ ಎಂಬ ಬರಹ. ಬ್ಯಾಂಕಿನಿಂದ ನಿವೃತ್ತರಾದ ವೆಂಕಟಗಿರಿ ಒಂದು ಸಂಸ್ಥೆಯ ಮೂಲಕ ಆ ಮಕ್ಕಳಿಗೆ ತಪ್ಪದೆ ಹಣ ಕಳಿಸುತ್ತಿದ್ದರು. ಕಾಮಾಕ್ಷಿಪಾಳ್ಯದ ಸರ್ಕಾರಿ ಶಾಲೆಗೆ ಬೆಂಚು ಮಾಡಿಸಿಕೊಟ್ಟವರೂ ಅವರೇ. ಅವರ ಕೈ ದೊಡ್ಡದು ಎಂಬುದನ್ನು ಶಶಿಕಲಾಳೂ ಅಲ್ಲಗಳೆಯುವುದಿಲ್ಲ.

ರಾಮಕ್ಕ ಕೆಲಸ ಮಾಡುತ್ತಿದ್ದುದು ಅವರ ಮನೆಯಲ್ಲೇ, ಎರಡನೇ ಮಹಡಿಯಲ್ಲಿ. ಒಂದು ದಿನ ಅವರ ಹೆಂಡತಿ ಯಶೋದಮ್ಮ ಹಾಲಿನ ದೊಡ್ಡ ಜಮಖಾನವನ್ನು ತೊಳೆಸಿ, "ಟೆರೇಸ್ ಮೇಲೆ ಹಾಕ್ಬಿಡು ರಾಮಕ್ಕ, ಬಿಸಿಲು ಚೆನ್ನಾಗಿದೆ" ಎಂದರು. ನೀರಿಳಿಯುವ ಜಮಖಾನವನ್ನು ಹೆಗಲ ಮೇಲೆ ಹೊತ್ತು ರಾಮಕ್ಕ ಮೆಟ್ಟಿಲು ಹತ್ತಿದಳು. ಅವಳ ಪಕ್ಕದಲ್ಲೇ ಲಿಫ್ಟು ಖಾಲಿ ಮೇಲೆ ಹೋಗಿ ಖಾಲಿ ಕೆಳಗೆ ಬಂತು. ನಾಲ್ಕನೇ ಮಹಡಿ ದಾಟಿದ ತಿರುವಿನಲ್ಲಿ ಜಮಖಾನದಿಂದ ಸುರಿದ ನೀರಿಗೇ ಅವಳ ಕಾಲು ಜಾರಿತು.

ಮೂರನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದ ಶಶಿಕಲಾ ಸದ್ದು ಕೇಳಿ ಓಡಿಬಂದಳು. ಅಕ್ಕ ಗೋಡೆಗೆ ಒರಗಿ ಬಿದ್ದಿದ್ದಳು, ಒಂದು ಕಾಲು ಬೇರೆ ಯಾರದೋ ಎಂಬಂತೆ ತಿರುಗಿಕೊಂಡಿತ್ತು.

"ಶಶಿ, ಜಮಖಾನ ಕೊಳೆಯಾಯ್ತೇನೋ ನೋಡೇ" ಎಂದಳು ರಾಮಕ್ಕ. ಬಿದ್ದವಳ ಬಾಯಲ್ಲಿ ಬಂದ ಮೊದಲ ಮಾತು ಅದು.

ಸೆಕ್ಯೂರಿಟಿ ಮಹದೇವ್ ಪ್ಲಾಸ್ಟಿಕ್ ಕುರ್ಚಿ ತಂದ. ಅವಳನ್ನು ಕೂರಿಸಿ ಲಿಫ್ಟಿನ ಬಾಗಿಲವರೆಗೆ ಎತ್ತಿಕೊಂಡು ಬಂದವನು, ಅಲ್ಲಿ ನಿಂತು, ಸದ್ದು ಕೇಳಿ ಬಂದಿದ್ದ ವೆಂಕಟಗಿರಿಯವರ ಮುಖ ನೋಡಿದ.

"ಎಮರ್ಜೆನ್ಸಿ ಅಲ್ವಾ, ತಗೊಂಡ್ಹೋಗಪ್ಪ, ತಗೊಂಡ್ಹೋಗು" ಎಂದರು ಅವರು.

ಆ ಕಟ್ಟಡದಲ್ಲಿ ಅಷ್ಟು ವರ್ಷ ದುಡಿದ ರಾಮಕ್ಕ ಲಿಫ್ಟಿನಲ್ಲಿ ಕಾಲಿಟ್ಟದ್ದು ಅದೇ ಮೊದಲು. ಕಾಲಿಟ್ಟದ್ದು ಎಂದೂ ಹೇಳುವಂತಿಲ್ಲ. ಮಹದೇವ್ ಒಪ್ಪಿಗೆಗಾಗಿ ಮುಖ ನೋಡಿದ ಆ ಒಂದು ಗಳಿಗೆ ಶಶಿಕಲಾಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು. ಅಂದಿನಿಂದ ಅವಳು ಆ ಕಟ್ಟಡದಲ್ಲಿ ಮಾತು ನಿಲ್ಲಿಸಿದಳು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಖರ್ಚನ್ನೆಲ್ಲ ಅಸೋಸಿಯೇಷನ್ನೇ ಕೊಟ್ಟಿತು. ರಾಮಕ್ಕ ಮನೆಗೆ ಬಂದ ಮೇಲೆ ಅವಳನ್ನು ಕರೆಸಿ, ಶಾಲು ಹೊದಿಸಿ, ಒಂದು ವೀಲ್‌ಚೇರ್ ಕೊಟ್ಟರು. ಕುರ್ಚಿಯ ಬೆನ್ನಿಗೆ ಅಸೋಸಿಯೇಷನ್ ಹೆಸರು ಬರೆಸಿದ್ದರು. ವೆಂಕಟಗಿರಿ ಭಾಷಣ ಮಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ತೆಗೆಸಿಕೊಂಡರು. ಅಷ್ಟು ದಿನ ತುಟಿ ಬಿಚ್ಚದ ಶಶಿಕಲಾ ಆಗ ಕೇಳಿದಳು:

"ಸಾರ್, ಆ ಬೋರ್ಡು ತೆಗೀತೀರಾ?"

ವೆಂಕಟಗಿರಿ ನಕ್ಕರು. "ಅದು ಬೇರೆ ವಿಷಯ ಕಣಮ್ಮ. ಇವತ್ತು ಒಳ್ಳೇ ದಿನ, ಅದೆಲ್ಲ ಈಗ ಬೇಡ."

ವೀಲ್‌ಚೇರನ್ನು ಬ್ಯಾಡರಹಳ್ಳಿಗೆ ತಂದರೆ ಆ ಕಬ್ಬಿಣದ ಮೆಟ್ಟಿಲಲ್ಲಿ ಮೇಲೆ ಹೋಗಲಿಲ್ಲ. ಕೆಳಗೆ ಗೇಟಿಗೆ ಸರಪಳಿ ಹಾಕಿ ಕಟ್ಟಬೇಕಾಯಿತು. ಪಕ್ಕದ ಮನೆಯ ಆಟೋ ಕಿಟ್ಟಿ ಬಿಡುವಾದಾಗ ರಾಮಕ್ಕನನ್ನು ಬೆನ್ನ ಮೇಲೆ ಹೊತ್ತು ಇಳಿಸಿದರೆ ಉಂಟು, ಇಲ್ಲದಿದ್ದರೆ ಅವಳಿಗೆ ಶೀಟಿನ ಕೆಳಗಿನ ಮಂಚವೇ ಗತಿ.

ಶಶಿಕಲಾ ಅಕ್ಕನ ಜಾಗಕ್ಕೆ ವೆಂಕಟಗಿರಿಯವರ ಮನೆಯ ಕೆಲಸವನ್ನೂ ಹಿಡಿದಳು. ಬೇಕೆಂದೇ ಹಿಡಿದಳು. ಶೋಕೇಸಿನಲ್ಲಿ ಅವರಿಗೆ ಬಂದ ಸನ್ಮಾನದ ಫಲಕಗಳಿದ್ದವು. ಅವುಗಳನ್ನು ಅವಳು ದಿನಾ ನೆಲ ಒರೆಸುವ ಬಟ್ಟೆಯಲ್ಲೇ ಒರೆಸುತ್ತಿದ್ದಳು. ಯಾರೂ ಇಲ್ಲದಾಗ ಲಿಫ್ಟಿಗೆ ಕೈ ಹಾಕಿ ಎಲ್ಲ ಬಟನ್ನುಗಳನ್ನೂ ಒದ್ದೆ ಬೆರಳಲ್ಲಿ ಒತ್ತಿ ಬರುತ್ತಿದ್ದಳು. ಆದರೆ ಇವೆಲ್ಲ ಆನೆಗೆ ಇರುವೆ ಕಚ್ಚಿದಂತೆ. ವೆಂಕಟಗಿರಿ ಎಂದಿನಂತೆ ಪೇಪರು ಓದುತ್ತಿದ್ದರು, "ಅಕ್ಕ ಹೇಗಿದಾರಮ್ಮ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಆ ಪ್ರೀತಿಯ ಮಾತು ಕೇಳಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅಕ್ಟೋಬರಿನಲ್ಲಿ ಬಡತನ ನಿರ್ಮೂಲನೆಯ ದಿನ ಬಂತು. ಐದನೇ ಮಹಡಿಯ ಹಾಲಿನಲ್ಲಿ ದೊಡ್ಡ ಸಮಾರಂಭ ಇಟ್ಟುಕೊಂಡರು. ಆಫ್ರಿಕಾದ ಮಕ್ಕಳಿಗೆ ಊಟ ಹಾಕುವ ಆ ಸಂಸ್ಥೆಯಿಂದ ರಾಗಿಣಿ ಎಂಬ ಹೆಂಗಸು ಅತಿಥಿಯಾಗಿ ಬರುವವರಿದ್ದರು. ಕೆಲಸದ ಹೆಂಗಸರಿಗೆಲ್ಲ ವೇದಿಕೆಯ ಮೇಲೆ ಸೀರೆ ಹಂಚುವುದು, ರಾಮಕ್ಕನನ್ನು ವೀಲ್‌ಚೇರಿನಲ್ಲಿ ಮುಂದೆ ಕೂರಿಸುವುದು ಎಂದು ನಿರ್ಧಾರವಾಗಿತ್ತು.

ಕೆಲಸ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಾಗ ಶಶಿಕಲಾ ಜೊತೆಯ ಹೆಂಗಸರಿಗೆ ಹೇಳಿದಳು: "ಎಲ್ಲಾರೂ ಬರೋಣ. ಒಳ್ಳೇ ಸೀರೆ ಉಟ್ಕೊಂಡೇ ಬರೋಣ. ಆದ್ರೆ ಮೆಟ್ಟಿಲು ಹತ್ತೋದ್ ಬೇಡ."

ಒಂದನೇ ಮಹಡಿಯಲ್ಲಿ ಅಡುಗೆ ಮಾಡುವ ಕೋಕಿಲಾ ಹೆದರಿದಳು. "ಕೆಲ್ಸ ಹೋಗತ್ತೆ ಕಣೇ. ಮಗಳ ಫೀಸು ಯಾರ್ ಕಟ್ತಾರೆ?"

"ನಮ್ಮಕ್ಕಂದು ಸೊಂಟ ಹೋಯ್ತು. ನಾಳೆ ನಿಂದು ಹೋಗತ್ತೆ. ಆಮೇಲೆ ನಿಂಗೂ ಒಂದು ಶಾಲು ಹೊದಿಸ್ತಾರೆ, ಹೊದ್ಕೊ."

ಕೋಕಿಲಾ ಬಂದಳು. ಎಲ್ಲರೂ ಬಂದರು. ಕಿಟ್ಟಿ ರಾಮಕ್ಕನನ್ನು ಆಟೋದಲ್ಲಿ ಕರೆತಂದು ವೀಲ್‌ಚೇರಿನಲ್ಲಿ ಕೂರಿಸಿದ. ಹೆಂಗಸರು ಅವಳ ಸುತ್ತ, ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತರು. ಮೇಲಿನಿಂದ ವೆಂಕಟಗಿರಿ ಇಳಿದುಬಂದರು. ರೇಷ್ಮೆ ಶರಟು, ಎದೆಯ ಮೇಲೆ ಬ್ಯಾಡ್ಜು.

"ಏನಿದು ಶಶಿಕಲಾ? ರಾಮಕ್ಕ ಲಿಫ್ಟಲ್ಲಿ ಬರ್ಲಿ, ಬೇಡ ಅಂದೋರ್ಯಾರು? ನೀವೆಲ್ಲ ಮೆಟ್ಟಿಲಲ್ಲಿ ಬನ್ನಿ. ಬೇಗ."

"ಮುರ್ಕೊಂಡೋರಿಗೆ ಲಿಫ್ಟು, ಮುರ್ಕೊಳ್ದೆ ಇರೋರಿಗೆ ಮೆಟ್ಟಿಲಾ ಸಾರ್?"

"ನೋಡಮ್ಮ, ಗೆಸ್ಟ್ ಬರೋ ಹೊತ್ತು. ನಾಳೆ ಮಾತಾಡೋಣ."

"ನಾಳೆ ನೀವು ಮಾತಾಡಲ್ಲ ಸಾರ್, ಇವತ್ತೇ ಮಾತಾಡಿ. ಆಫ್ರಿಕಾ ಮಕ್ಕಳಿಗೆ ಊಟ ಹಾಕ್ತೀರ, ಹಾಕಿ, ಪುಣ್ಯ ಬರ್ಲಿ. ಆ ಮಕ್ಕಳ ತಾಯಂದ್ರು ಇಲ್ಲಿಗೆ ಕೆಲ್ಸಕ್ ಬಂದ್ರೆ ಮೆಟ್ಟಿಲಲ್ಲೇ ಹತ್ಬೇಕಲ್ವಾ?"

ಅಷ್ಟರಲ್ಲಿ ರಾಗಿಣಿ ಬಂದು ಈ ಮಾತನ್ನು ಕೇಳಿಸಿಕೊಂಡಿದ್ದರು. ಅವರು ಬೋರ್ಡು ಓದಿದರು. ಎದುರಿನ ಗೋಡೆಯ ಫೋಟೋ ನೋಡಿದರು. ರಾಮಕ್ಕನ ಹತ್ತಿರ ಬಗ್ಗಿ, "ಎಲ್ಲಿ ಬಿದ್ರಿ ಅಮ್ಮಾ?" ಎಂದು ಕೇಳಿದರು. ರಾಮಕ್ಕ ಮೆಟ್ಟಿಲಿನ ಕಡೆ ಕೈ ತೋರಿಸಿದಳು.

"ಸಾರಿ ಸಾರ್" ಎಂದರು ರಾಗಿಣಿ ವೆಂಕಟಗಿರಿಯವರಿಗೆ. "ಇವತ್ತು ಮೇಲೆ ಬಂದು ಮಾತಾಡೋಕೆ ನನ್ನ ಹತ್ರ ಏನೂ ಇಲ್ಲ." ಕಾರು ಹತ್ತಿ ಹೊರಟುಹೋದರು.

ವೆಂಕಟಗಿರಿಯವರ ಮುಖ ಬಿಳಿಚಿತು. ಹಾರ ಹಿಡಿದು ನಿಂತಿದ್ದ ಯಶೋದಮ್ಮ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಲಿಫ್ಟಿನ ಪಕ್ಕದ ಕುರ್ಚಿಯ ಮೇಲಿಟ್ಟರು. ಶಶಿಕಲಾ ವೆಂಕಟಗಿರಿಯವರ ಆ ಮುಖವನ್ನು ಕಣ್ತುಂಬ ನೋಡಿದಳು. ಮನೆಗೆ ಹೋಗುವಾಗ ಆಟೋದಲ್ಲಿ ಅವಳು ಹಾಡು ಗುನುಗುತ್ತಿದ್ದಳು ಎಂದು ಕಿಟ್ಟಿ ಈಗಲೂ ಹೇಳುತ್ತಾನೆ.

ಮಾರನೇ ದಿನ ಆ ಹೆಂಗಸರಲ್ಲಿ ಯಾರನ್ನೂ ಗೇಟಿನೊಳಗೆ ಬಿಡಲಿಲ್ಲ. ಮಹದೇವ್ ತಲೆ ತಗ್ಗಿಸಿ, "ಆರ್ಡರ್ ಆಗಿದೆ ಅಕ್ಕ" ಎಂದ. ಸುತ್ತಲಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲೂ ಶಶಿಕಲಾಳ ಫೋಟೋ ಓಡಾಡಿತು. ಬೇರೆ ಮನೆ ಸಿಗಲಿಲ್ಲ. ಅವಳು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಡಬ್ಬಿ ಅಂಟಿಸುವ ಶೆಡ್ಡಿಗೆ ಸೇರಿದಳು. ಗೋಂದಿನ ವಾಸನೆಗೆ ತಲೆ ಸಿಡಿಯುತ್ತಿತ್ತು, ಸಂಬಳ ಅರ್ಧಕ್ಕೆ ಇಳಿದಿತ್ತು. ರಾಮಕ್ಕನ ಮಾತ್ರೆಗೂ ದುಡ್ಡು ಸಾಲದ ಕಾಲ. ಆದರೂ ಸಂಜೆ ಶೆಡ್ಡಿನಿಂದ ನೇರ ಬಸವೇಶ್ವರನಗರದ ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದಳು. ಆ ಕಟ್ಟಡದ ಕೆಲಸಕ್ಕೆ ಏಜೆನ್ಸಿಯಿಂದ ಹೊಸ ಹೆಂಗಸರು ಬಂದರೆ, ಅವಳು ಮತ್ತು ಕೋಕಿಲಾ ಅವರನ್ನು ನಿಲ್ಲಿಸಿ ರಾಮಕ್ಕನ ಕಥೆ ಹೇಳುತ್ತಿದ್ದರು. ಕೆಲವರು ಮುಖ ತಿರುಗಿಸಿ ಹೋದರು. ಹೆಚ್ಚಿನವರು ಮಾರನೇ ದಿನ ಬರಲಿಲ್ಲ.

ದೀಪಾವಳಿ ಎದುರಿಗೇ ಇತ್ತು. ಮನೆಮನೆಯಲ್ಲೂ ಪಾತ್ರೆ ರಾಶಿ ಬಿದ್ದಿತ್ತು, ಮಂಚ ಹಿಡಿದ ಮುದುಕರಿಗೆ ಸ್ನಾನ ಮಾಡಿಸುವವರಿರಲಿಲ್ಲ. ಕಟ್ಟಡದವರೇ ಪ್ರೆಸಿಡೆಂಟರ ಮೇಲೆ ತಿರುಗಿಬಿದ್ದರು. ಒಂದು ತುಂಡು ತಗಡಿನ ಬೋರ್ಡಿಗಾಗಿ ನಾವೇಕೆ ಸಾಯಬೇಕು ಎಂದರು.

ಭಾನುವಾರ ಬೆಳಿಗ್ಗೆ ಬ್ಯಾಡರಹಳ್ಳಿಯ ಬೀದಿಯಲ್ಲಿ ವೆಂಕಟಗಿರಿಯವರ ಕಾರು ನಿಂತಿತು. ಶಶಿಕಲಾ ಮೇಲೆ ಬಟ್ಟೆ ಒಣಗಿಹಾಕುತ್ತಿದ್ದಳು.

"ಶಶಿಕಲಾ, ಬೋರ್ಡು ತೆಗೆಸಿಬಿಟ್ಟಿದೀನಿ. ಸ್ವಲ್ಪ ಕೆಳಗ್ ಬಾಮ್ಮ, ಮಾತಾಡೋಣ."

"ಮೇಲೆ ಬನ್ನಿ ಸಾರ್."

"ಮಂಡಿ ನೋವು ಕಣಮ್ಮ. ಈ ಮೆಟ್ಟಿಲು…"

"ನಮ್ಮನೇಗೆ ಲಿಫ್ಟಿಲ್ಲ ಸಾರ್. ನಮ್ಮಕ್ಕನ ಹತ್ರ ಮಾತಾಡ್ಬೇಕು ಅಂದ್ರೆ ಹತ್ಲೇಬೇಕು."

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ವೆಂಕಟಗಿರಿ ಒಂದು ಕಂಬಿ ಹಿಡಿದು ಹತ್ತತೊಡಗಿದರು. ನಡುವೆ ನಿಂತರು, ಉಸಿರೆಳೆದುಕೊಂಡರು, ಮತ್ತೆ ಹತ್ತಿದರು. ಅರ್ಧ ದಾರಿಯಲ್ಲಿ ಕಿಟ್ಟಿ ಕೈ ಕೊಡಲು ಹೊರಟಾಗ ಶಶಿಕಲಾ ಮೇಲಿನಿಂದ ಒಂದೇ ನೋಟ ಬೀರಿದಳು. ಅವನು ನಿಂತಲ್ಲೇ ನಿಂತ.

ಬೆವರು ಸುರಿಯುತ್ತ ಒಳಗೆ ಬಂದ ವೆಂಕಟಗಿರಿ ಮಂಚದ ಪಕ್ಕದ ನೆಲದ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತು ಶೀಟನ್ನೂ ಮಂಚವನ್ನೂ ಮೆಟ್ಟಿಲ ಬಾಗಿಲನ್ನೂ ನೋಡಿದರು. ಆಮೇಲೆ, "ಆ ವೀಲ್‌ಚೇರು ಇಲ್ಲಿಗೆ ಹತ್ತೋದೇ ಇಲ್ವಲ್ಲ" ಎಂದರು, ತಮಗೇ ಹೇಳಿಕೊಂಡಂತೆ. ರಾಮಕ್ಕನ ಕಡೆ ತಿರುಗಿ, "ತಪ್ಪಾಯ್ತು ರಾಮಕ್ಕ" ಎಂದರು.

ಶಶಿಕಲಾ ಕಾದಿದ್ದು ಈ ಗಳಿಗೆಗೆ. ಅಕ್ಕ ಮುಖಕ್ಕೆ ಹೊಡೆದಂತೆ ಒಂದು ಮಾತಾಡುತ್ತಾಳೆ ಎಂದು ಬಾಗಿಲಿಗೆ ಒರಗಿ ನಿಂತಿದ್ದಳು.

"ಯಾವ ಮಂಡಿ ಸಾರ್?" ಎಂದಳು ರಾಮಕ್ಕ. "ಹರಳೆಣ್ಣೆ ಬಿಸಿ ಮಾಡಿ ಹಚ್ಚಿ. ಇಳೀವಾಗ ನಿಧಾನ. ಶಶಿ, ಸಾರ್‌ಗೆ ನೀರು ಕೊಡೇ."

ಶಶಿಕಲಾ ನೀರು ಕೊಡಲಿಲ್ಲ. ಹೊರಗೆ ಹೋಗಿ ಉಳಿದ ಬಟ್ಟೆ ಒಣಗಿಹಾಕಿದಳು. ಅಕ್ಕತಂಗಿಯರಿಗೆ ಅಂದು ದೊಡ್ಡ ಜಗಳವೇ ಆಯಿತು. "ಅವ್ರ್ ಮೆಟ್ಟಿಲು ಹತ್ತಿದ್ರೆ ನನ್ನ ಸೊಂಟ ಕೂಡ್ತದಾ?" ಎಂದು ರಾಮಕ್ಕ ಕೇಳಿದಳು. "ಕೂಡಲ್ಲ. ನನ್ನ ಹೊಟ್ಟೆ ತಣ್ಣಗಾಯ್ತದೆ" ಎಂದಳು ಶಶಿಕಲಾ.

ಹೆಂಗಸರೆಲ್ಲ ಕೆಲಸಕ್ಕೆ ಮರಳಿದರು. ಅವರೀಗ ಲಿಫ್ಟಿನಲ್ಲೇ ಹತ್ತುತ್ತಾರೆ, ವಾರಕ್ಕೊಂದು ರಜೆಯನ್ನೂ ಮಾಡಿಸಿಕೊಂಡಿದ್ದಾರೆ. ವೆಂಕಟಗಿರಿ ತಾವೇ ಓಡಾಡಿ ಅದೇ ಬೀದಿಯಲ್ಲಿ ರಾಮಕ್ಕನಿಗೆ ನೆಲಮಟ್ಟದ ಮನೆ ಹುಡುಕಿ, ಅಡ್ವಾನ್ಸನ್ನು ಅಸೋಸಿಯೇಷನ್ನಿನಿಂದ ಕೊಡಿಸಿದರು. ಈ ಸಲ ಫೋಟೋ ತೆಗೆಸಲಿಲ್ಲ. ರಾಮಕ್ಕ ವೀಲ್‌ಚೇರಿನಲ್ಲಿ ಬೀದಿಯ ತುದಿಯ ಅಂಗಡಿಯವರೆಗೂ ಒಬ್ಬಳೇ ಹೋಗಿಬರುತ್ತಾಳೆ.

ಶಶಿಕಲಾ ಮಾತ್ರ ಆ ಕಟ್ಟಡಕ್ಕೆ ಮತ್ತೆ ಹೋಗಲಿಲ್ಲ. ಯಶೋದಮ್ಮ ಎರಡು ಸಲ ಫೋನ್ ಮಾಡಿದರು, ಇವಳು ಎತ್ತಲಿಲ್ಲ. ಅಕ್ಕ ಕ್ಷಮಿಸಿದ್ದು ಅಕ್ಕನ ದೊಡ್ಡತನ, ತನಗೆ ಅದು ಬೇಕಾಗಿಲ್ಲ ಎನ್ನುತ್ತಾಳೆ. ಡಬ್ಬಿ ಅಂಟಿಸುವ ಕೆಲಸ ಬಿಟ್ಟಿಲ್ಲ. ಕಳೆದ ವಾರ ವಿಜಯನಗರದಿಂದ ಇಬ್ಬರು ಹೆಂಗಸರು ಅವಳನ್ನು ಹುಡುಕಿಕೊಂಡು ಶೆಡ್ಡಿಗೆ ಬಂದಿದ್ದರು. ಅವರ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರು ಪಾರ್ಕಿನ ಬೆಂಚಿನ ಮೇಲೆ ಕೂರಕೂಡದಂತೆ. ಶಶಿಕಲಾ ಗೋಂದಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೂರ್ತಿ ಕೇಳಿಸಿಕೊಂಡಳು. ಒಂದು ಮಾತೂ ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹೊರಟಳು.