ರೋಮ್ ದೊರೆಯ ಬಾಸಿಂಗ

“ಬಾಸಿಂಗ ಕಟ್ಕೊಂಡವ್ನೆ ನೋಡಮ್ಮಾ, ಮದ್ವೆ ಗಂಡು!” ತುಮಕೂರಿನ ನಾಣ್ಯ ಪ್ರದರ್ಶನದಲ್ಲಿ ರೋಮ್ ದೊರೆಯ ಬೆಳ್ಳಿ ನಾಣ್ಯ ಕಂಡು ನಮ್ಮತ್ತೆ ಕೂಗಿಯೇಬಿಟ್ಟರು. ನಾಣ್ಯದ ಹಿಂಬದಿಯ ಚಿತ್ರವನ್ನು ಪಕ್ಕದಲ್ಲೇ ದೊಡ್ಡದಾಗಿ ಹಾಕಿದ್ದರು. ಉದ್ದನೆಯ ಕೋಲು ಹಿಡಿದು ಕೂತ ಹೆಂಗಸು.

“ಇವ್ಳೇ ಹೆಣ್ಣಾ?”

“ಅಲ್ಲ ಅತ್ತೆ, ಅವನ ತಾಯಿ ಅಂತಾರೆ” ಎಂದೆ.

ಬಿಗಿಯಾಗಿ ಕೂತ ಆ ಹೆಂಗಸನ್ನು ಅತ್ತೆ ಬಗ್ಗಿ ಬಗ್ಗಿ ನೋಡಿದರು. ಮೈದುನ ತಾನು ಮೆಚ್ಚಿದ ಹುಡುಗಿಯ ಹೆಸರೆತ್ತಿದಾಗಿನಿಂದ ಮನೆಯಲ್ಲಿ ಅವರೂ ಹಾಗೇ ಬಿಗಿದುಕೊಂಡು ಕೂತಿದ್ದರು. ಗುಬ್ಬಿ ಬಸ್ಸು ಹತ್ತಿದ ಮೇಲೆ ಬಾಯಿಬಿಟ್ಟರು: “ಮಗ ಬಾಸಿಂಗ ಕಟ್ಕೊಂಡ್ರೂ ಆಯಮ್ಮ ಕೋಲು ಬುಟ್ಟಿಲ್ಲ. ನಂಗ್ಯಾಕಮ್ಮಾ ಆ ಕರ್ಮ? ಭಾನ್ವಾರ ಹುಡ್ಗೀನ ಕರ್ಕೊಂಡ್ ಬರಾಕೇಳು.”

ಅದು ಬಾಸಿಂಗವಲ್ಲ, ಯುದ್ಧ ಗೆದ್ದವರು ತಲೆಗೆ ಸುತ್ತಿಕೊಳ್ಳುತ್ತಿದ್ದ ಎಲೆಗಳ ಮಾಲೆ ಎಂದು ಅತ್ತೆಗೆ ನಾನಿನ್ನೂ ಹೇಳಿಲ್ಲ. ಮೊದಲು ಮದುವೆ ಮುಗಿಯಲಿ.